ಗಂಟು ಬಿಚ್ಚಿದ ಮಾಸ್ತರು

“ಸಾಲಿಯೊಳಗ ಈಗ ಪಾಠ ಎಲ್ಲಿ ಐತ್ರಿ? ಬರೇ ಆಟ ಆಡಸ್ತಾರ.”

ನಮ್ಮ ತಿಮ್ಮಾಪುರ ಇರಲಿ, ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಯಾವ ಊರಿನ ಕಟ್ಟೆಯೇ ಇರಲಿ, ಹತ್ತು ನಿಮಿಷ ಕೂತರೆ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವರು ಕಬ್ಬು ಬೆಳೆಯುವವರು, ಮಗ್ಗ ನಡೆಸುವವರು, ಕೂಲಿಗೆ ಹೋಗುವವರು. ಮಗಳು ಲೆಕ್ಕದಲ್ಲಿ ಹಿಂದೆ ಬಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ನಿಲ್ಲುತ್ತಾಳೆ, ನಿಂತರೆ ಮರುವರ್ಷ ಮನೆಯಲ್ಲಿ ಮದುವೆಯ ಮಾತು ಶುರುವಾಗುತ್ತದೆ ಎಂಬುದು ಅವರಿಗೂ ಗೊತ್ತು, ನಮಗೂ ಗೊತ್ತು. ಆದ್ದರಿಂದ ಈ ದೂರಿನ ಹಿಂದೆ ಇರುವುದು ಸಿಟ್ಟಲ್ಲ, ಅಂಜಿಕೆ.

ದೂರನ್ನು ನಾವು ತಳ್ಳಿಹಾಕುವುದಿಲ್ಲ. ಆಟದ ಹೆಸರಿನಲ್ಲಿ ಹೊತ್ತು ಕಳೆಯುವ ತರಗತಿಗಳಿವೆ. ಆಟದ ಒಳಗೆ ಲೆಕ್ಕ ಇರುವ ತರಗತಿಗಳೂ ಇವೆ. ಕಿಟಕಿಯ ಹೊರಗೆ ನಿಂತು ನೋಡುವ ಅಪ್ಪನಿಗೆ ಎರಡೂ ಒಂದೇ ಥರ ಕಾಣುತ್ತವೆ: ನೆಲದ ಮೇಲೆ ಮಕ್ಕಳು, ಮಧ್ಯದಲ್ಲಿ ಹುಣಸೆ ಬೀಜ, ಒಂದಿಷ್ಟು ಗದ್ದಲ. ಈ ಎರಡರ ನಡುವಿನ ಅಂತರ ಹುಟ್ಟುವುದು ಮಕ್ಕಳು ಕೂರುವುದಕ್ಕೂ ಮೊದಲು, ಶಿಕ್ಷಕರ ತರಬೇತಿಯಲ್ಲಿ. ಅಲ್ಲಿ ಮಾಸ್ತರರು ಬರೀ ಕೇಳಿ ಬಂದರೋ, ಕೈಯಾರೆ ಮಾಡಿ ಬಂದರೋ ಎಂಬುದೇ ಮುಂದಿನದನ್ನೆಲ್ಲ ತೀರ್ಮಾನಿಸುತ್ತದೆ.

ಶಿಕ್ಷಕರ ತರಬೇತಿ ಎಂದರೆ ನಮ್ಮಂಥ ಜಿಲ್ಲಾ ಸುದ್ದಿಗಾರರಿಗೆ ದೀಪ ಬೆಳಗುವ ಒಂದು ಫೋಟೋ, ಎಂಟು ಸಾಲು ಸುದ್ದಿ. ಪತ್ರಿಕೆಯಲ್ಲಿ ಅದಕ್ಕೆ ಸಿಗುವ ಜಾಗ ಅಷ್ಟೇ. ಆದರೆ ದೀಪ ಹಚ್ಚಿ ಗಣ್ಯರು ಹೋದ ಮೇಲೂ ಕೊನೆಯ ಬೆಂಚಿನಲ್ಲಿ ಕೂತು ನೋಡುವ ರೂಢಿಯನ್ನು ನಾವು ಕೆಲವು ವರ್ಷಗಳಿಂದ ಇಟ್ಟುಕೊಂಡಿದ್ದೇವೆ. ಗಣಿತದ ತರಬೇತಿಗಳಲ್ಲಿ ಕಂಡ ಮೂರು ಸಂಗತಿ ಇಲ್ಲಿ ಹೇಳುತ್ತೇವೆ. ಊರು, ಹೆಸರು ಬೇಡ.

ಮೊದಲನೆಯದು ಜೋಳದ ದಂಟಿನದು.

ಕಲಿಸಲು ಬಂದವರೂ ಒಬ್ಬ ಸಾಲಿ ಮಾಸ್ತರರೇ. ಪ್ರತಿ ಗುಂಪಿನ ಮುಂದೆ ಬೆರಳುದ್ದ ಕತ್ತರಿಸಿದ ಜೋಳದ ದಂಟು ಸುರಿದರು. ಹತ್ತು ದಂಟಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಒಂದು ಗಂಟು. ಅಂಥ ಹತ್ತು ಗಂಟು ಸೇರಿಸಿ ಒಂದು ಹೊರೆ. ಆಮೇಲೆ ಬೋರ್ಡಿನ ಮೇಲೆ ಬರೆದರು: 302ರಲ್ಲಿ 178 ಕಳೆಯಿರಿ. ಪೆನ್ನು ಮುಟ್ಟುವಂತಿಲ್ಲ, ದಂಟಿನಲ್ಲೇ ಕಳೆಯಬೇಕು.

ಮೂವತ್ತು ಜನ ಶಿಕ್ಷಕರು ನಕ್ಕರು. ಇದು ನಾಲ್ಕನೆತ್ತೆ ಲೆಕ್ಕ. ಆದರೆ ಮುಂದೆ ಇದ್ದದ್ದು ಮೂರು ಹೊರೆ, ಎರಡು ಬಿಡಿ ದಂಟು. ಎಂಟು ಬಿಡಿ ತೆಗೆಯಬೇಕು, ಇರುವುದು ಎರಡೇ. ಪಕ್ಕದಲ್ಲಿ ಒಂದೂ ಹತ್ತರ ಗಂಟಿಲ್ಲ. ಒಬ್ಬರು ಬಾಯಿಪಾಠದ ಮಾತು ಹೇಳಿದರು: “ಸೊನ್ನೆ ಕಡೆ ಏನೂ ಇಲ್ಲ, ಮೂರರ ಕಡೆಯಿಂದ ಸಾಲ ತಗೋಬೇಕು.”

ಕಲಿಸುವವರು ಕೇಳಿದರು: “ಸಾಲ ತಗೊಂಡದ್ದು ತಿರುಗಿ ಯಾವಾಗ ಕೊಡೋದ್ರೀ?”

ಯಾರೂ ಮಾತಾಡಲಿಲ್ಲ. ಈ ಪ್ರಶ್ನೆಯನ್ನು ಅವರ ತರಗತಿಯ ಹುಡುಗನೊಬ್ಬ ಕೇಳಿದ್ದನಂತೆ. ನಮ್ಮ ಕಡೆಯ ಮಕ್ಕಳಿಗೆ ಸಾಲ ಎಂದರೆ ಏನೆಂದು ಪುಸ್ತಕ ಹೇಳಿಕೊಡಬೇಕಾಗಿಲ್ಲ. ಕಾರ್ಖಾನೆಯ ಕಬ್ಬಿನ ಬಿಲ್ಲು ತಡವಾದರೆ ಮನೆಯಲ್ಲಿ ಏನಾಗುತ್ತದೆ ಎಂದು ಅವರು ನೋಡಿದ್ದಾರೆ. ತಗೊಂಡ ಸಾಲವನ್ನು ಯಾರೂ ತೀರಿಸದ ಈ ಲೆಕ್ಕ ಆ ಹುಡುಗನಿಗೆ ಸರಿ ಕಾಣಲಿಲ್ಲ. ಅವನು ದಡ್ಡನಾಗಿರಲಿಲ್ಲ, ಸರಿಯಾಗಿಯೇ ಯೋಚಿಸಿದ್ದ.

ಆಮೇಲೆ ಶಿಕ್ಷಕರು ಒಂದು ಹೊರೆ ಬಿಚ್ಚಿದರು. ಹತ್ತು ಗಂಟು ಬಂದವು. ಅದರಲ್ಲಿ ಒಂದು ಗಂಟು ಬಿಚ್ಚಿದರು. ಹತ್ತು ಬಿಡಿ ಬಂದವು, ಮೊದಲಿನ ಎರಡು ಸೇರಿ ಹನ್ನೆರಡು. ಈಗ ಮುಂದೆ ಎರಡು ಹೊರೆ, ಒಂಬತ್ತು ಗಂಟು, ಹನ್ನೆರಡು ಬಿಡಿ. ಎಣಿಸಿದರೆ ಆಗಲೂ 302. ಯಾರಿಂದಲೂ ಏನನ್ನೂ ತಂದಿಲ್ಲ. ನಮ್ಮದೇ ಗಂಟು, ನಾವೇ ಬಿಚ್ಚಿದ್ದು. ಎಂಟು ಬಿಡಿ, ಏಳು ಗಂಟು, ಒಂದು ಹೊರೆ ತೆಗೆದರು. ಉಳಿದದ್ದು 124.

ಇಪ್ಪತ್ತು ವರ್ಷ ಸರ್ವಿಸ್ ಆದ ಒಬ್ಬ ಮಾಸ್ತರರು ಆ ರಬ್ಬರ್ ಬ್ಯಾಂಡನ್ನು ಬೆರಳಿಗೆ ಸುತ್ತಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಅಂದರು: “ಸೊನ್ನೆ ಹೋಗಿ ಒಂಬತ್ತು ಯಾಕ ಆಗತೈತಿ ಅಂತ ನಾ ಎಂದೂ ಹೇಳಿಲ್ಲ. ‘ಹಂಗ ಬರೀರಿ’ ಅಂತ ಹೇಳತಿದ್ದೆ.”

ಎರಡನೆಯದು ರೊಟ್ಟಿಯದು. ಕೆಳಗಿನ ತರಗತಿಗಳಲ್ಲಿ ಒಬ್ಬರೇ ಎಲ್ಲ ವಿಷಯ ಕಲಿಸಬೇಕು. ಅವರಲ್ಲಿ ಹಲವರು ಪಿಯುಸಿಯಲ್ಲಿ ಕಲಾ ವಿಭಾಗ ಓದಿ, ಡಿ.ಎಡ್ ಮುಗಿಸಿ ಬಂದವರು. ತರಬೇತಿಯ ಊಟದ ಹೊತ್ತಿನಲ್ಲಿ ಒಬ್ಬ ಅಕ್ಕೋರು ನಮ್ಮ ಹತ್ತಿರ ಮುಚ್ಚುಮರೆಯಿಲ್ಲದೆ ಅಂದರು: “ನಾನೂ ಗಣಿತಕ್ಕ ಅಂಜಿದಾಕೀನ. ಮಕ್ಕಳಿಗಿ ಧೈರ್ಯ ಎಲ್ಲಿಂದ ತಂದು ಕೊಡ್ಲಿ?”

ಮಧ್ಯಾಹ್ನ ಭಿನ್ನರಾಶಿಯ ಭಾಗಾಕಾರ ಬಂತು. 3 ಭಾಗಿಸು ¾. ಎಲ್ಲರಿಗೂ ವಿಧಾನ ಗೊತ್ತು: ಎರಡನೆಯದನ್ನು ತಿರುವಿ ಗುಣಿಸು, ಉತ್ತರ 4. ಭಾಗಿಸಿದ ಮೇಲೆ ಉತ್ತರ ಮೂರಕ್ಕಿಂತ ಹೆಚ್ಚು ಹೇಗಾಯಿತು? ಪ್ರಶ್ನೆ ಮತ್ತೆ ಸಭೆಯನ್ನು ಸುಮ್ಮನಾಗಿಸಿತು. ಆಗ ಆ ಅಕ್ಕೋರಿಗೆ ದುಂಡಗೆ ಕತ್ತರಿಸಿದ ಮೂರು ಕಾಗದ ಕೊಟ್ಟರು. ಇವು ಮೂರು ರೊಟ್ಟಿ. ಒಬ್ಬರಿಗೆ ಮುಕ್ಕಾಲು ರೊಟ್ಟಿ ಬಡಿಸಿದರೆ ಎಷ್ಟು ಮಂದಿ ಉಣ್ಣಬಹುದು? ಅವರು ಪ್ರತಿ ರೊಟ್ಟಿಯಿಂದ ಕಾಲು ಭಾಗ ಹರಿದು ಪಕ್ಕಕ್ಕಿಟ್ಟರು. ಮೂವರಿಗೆ ಮುಕ್ಕಾಲು ಮುಕ್ಕಾಲು ಆಯಿತು. ಪಕ್ಕಕ್ಕಿಟ್ಟ ಮೂರು ಕಾಲುಗಳು ಸೇರಿ ಇನ್ನೊಬ್ಬರ ತಾಟು ತುಂಬಿತು. ನಾಲ್ಕು ಜನ. ಭಾಗಿಸುವುದು ಎಂದರೆ ‘ಇದರೊಳಗೆ ಅದು ಎಷ್ಟು ಸಲ ಐತಿ’ ಎಂದು ಕೇಳುವುದು. ದಿನಾ ರೊಟ್ಟಿ ಬಡಿದು ಬಡಿಸುವ ಕೈಗೆ ಇದು ಮೊದಲೇ ಗೊತ್ತಿತ್ತು. ಪುಸ್ತಕದ ಭಾಷೆಯಲ್ಲಿ ಗೊತ್ತಿರಲಿಲ್ಲ ಅಷ್ಟೇ.

ಇವು ಹೊಸ ವಿಚಾರಗಳಲ್ಲ. ಬೆಲ್ಜಿಯಂ ದೇಶದ ಪ್ರಾಥಮಿಕ ಶಾಲೆಯ ಶಿಕ್ಷಕ ಜಾರ್ಜ್ ಕ್ವಿಸೆನೇರ್ ಬಣ್ಣಬಣ್ಣದ ಮರದ ಕಡ್ಡಿಗಳಿಂದ ಲೆಕ್ಕ ಕಲಿಸುವ ಬಗೆಯನ್ನು 1952ರಲ್ಲಿ ಪುಸ್ತಕ ಮಾಡಿದ. ಆ ಕಡ್ಡಿಗಳು ಮುಂದೆ ಲೋಕವೆಲ್ಲ ತಿರುಗಿದವು. ನಮ್ಮ ರಾಜ್ಯದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರು ಮಾಡಿದರು. ಅದು 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ಬಂತು. ಎರಡೂ ಕಡೆ ಕೆಲಸ ಹುಟ್ಟಿದ್ದು ತರಗತಿಯಲ್ಲಿ ನಿಂತ ಶಿಕ್ಷಕರ ಕೈಯಲ್ಲಿ ಎಂಬುದನ್ನು ಗಮನಿಸಬೇಕು.

ಆಮೇಲೆ ಬಂದದ್ದು ಗಣಿತ ಕಲಿಕಾ ಆಂದೋಲನ. 2000ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಕ್ಷರ ಫೌಂಡೇಶನ್ ಮತ್ತು ಶಿಕ್ಷಣ ಇಲಾಖೆ ಸೇರಿ ನಡೆಸಿದ ಕೆಲಸ ಇದು. ಹೊಸಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, ಆಗಿನ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಹೋಗಿ, ಆಮೇಲೆ ಉಳಿದ ಕಡೆ ಹಬ್ಬಿತು. ನಾಲ್ಕು, ಐದನೇ ತರಗತಿಗೆ ಒಂದು ಗಣಿತ ಪೆಟ್ಟಿಗೆ: ಹತ್ತರ ಬ್ಲಾಕು, ಅಬಾಕಸ್, ಭಿನ್ನರಾಶಿಯ ಪಟ್ಟಿ, ಆಟದ ನೋಟು, ಗಡಿಯಾರ, ದಾಳ, ಅಳತೆ ಟೇಪು. ಜತೆಗೆ ಶಿಕ್ಷಕರಿಗೆ ತರಬೇತಿ. ಮೊದಲು ವಸ್ತು ಮುಟ್ಟಿ ಮಾಡುವುದು, ಆಮೇಲೆ ಅದರ ಚಿತ್ರ ಬರೆಯುವುದು, ಕೊನೆಗೆ ಅಂಕಿ ಬರೆಯುವುದು, ಇದು ಅದರ ಕ್ರಮ. ಗ್ರಾಮ ಪಂಚಾಯತಿ ಮಟ್ಟದಲ್ಲಿ ಮಕ್ಕಳ ಗಣಿತ ಸ್ಪರ್ಧೆ ನಡೆಸಿದ್ದೂ ಇದರ ಭಾಗವೇ. ಊರಿನವರ ಮುಂದೆ, ಪಂಚಾಯತಿ ಸದಸ್ಯರ ಮುಂದೆ ಮಕ್ಕಳು ಲೆಕ್ಕ ಬಿಡಿಸಿದ್ದನ್ನು ಓದುಗರಲ್ಲಿ ಹಲವರು ನೋಡಿರಬಹುದು.

ಮೂರನೆಯ ಸಂಗತಿಗೆ ಪೆಟ್ಟಿಗೆಯೂ ಬೇಕಿರಲಿಲ್ಲ. ಬೇಕಾದದ್ದು ಒಂದು ಹಗ್ಗ, ನಾಲ್ಕು ಗೂಟ, ಒಂದಿಷ್ಟು ಸುಣ್ಣದ ಪುಡಿ.

ಒಂದು ಗುಂಟೆ ಎಂದರೆ 33 ಫೂಟು ಉದ್ದ, 33 ಫೂಟು ಅಗಲ, ಅಂದರೆ 1,089 ಚದರ ಫೂಟು. ಅಂಥ 40 ಗುಂಟೆಗೆ ಒಂದು ಎಕರೆ. ಇದು ಎಲ್ಲ ರೈತರ ಮಕ್ಕಳಿಗೂ ಗೊತ್ತು. ತರಬೇತಿಗೆ ಬಂದವರು ಶಾಲೆಯ ಬಯಲಿನಲ್ಲಿ 132 ಫೂಟಿನ ಹಗ್ಗ ಸುತ್ತಿ ಒಂದು ಗುಂಟೆ ಹಾಕಿದರು. ಆಮೇಲೆ ಅದೇ ಹಗ್ಗವನ್ನು 44 ಫೂಟು ಉದ್ದ, 22 ಫೂಟು ಅಗಲಕ್ಕೆ ಎಳೆಯಲು ಹೇಳಿದರು. ಜಾಗ ಅಷ್ಟೇ ಇದೆಯೋ, ಹೆಚ್ಚು ಕಡಿಮೆ ಆಯಿತೋ? ಅರ್ಧಕ್ಕಿಂತ ಹೆಚ್ಚು ಕೈ ‘ಅಷ್ಟೇ ಐತಿ’ ಎಂಬ ಕಡೆ ಎದ್ದವು. ಹಗ್ಗ ಅದೇ ತಾನೇ?

ಗುಣಿಸಿದರೆ 968 ಚದರ ಫೂಟು. ಇನ್ನೂ ಎಳೆದು 55 ಮತ್ತು 11 ಮಾಡಿದರೆ 605. ಬದುವಿನ ಉದ್ದ ಒಂದಿಂಚೂ ಕಡಿಮೆಯಾಗಿಲ್ಲ, ಹೊಲ ಹೆಚ್ಚುಕಡಿಮೆ ಅರ್ಧಕ್ಕೆ ಬಂತು. ಸುತ್ತಳತೆ ಬೇರೆ, ವಿಸ್ತೀರ್ಣ ಬೇರೆ ಎಂದು ಬೋರ್ಡಿನ ಮೇಲೆ ನೂರು ಸಲ ಬರೆದವರೇ ಅಲ್ಲಿ ಹಗ್ಗ ಹಿಡಿದು ನಿಂತಿದ್ದರು.

ಅಲ್ಲಿಗೇ ಮುಗಿಯಲಿಲ್ಲ. ಮತ್ತೆ ಚೌಕ ಮಾಡಿಸಿದರು, ನಾಲ್ಕೂ ಬದಿ 33. ಈಗ ಮೇಲಿನ ಎರಡು ಮೂಲೆ ಹಿಡಿದವರು ಹಗ್ಗ ಸಡಿಲ ಬಿಡದೆ ಪಕ್ಕಕ್ಕೆ ಸರಿಯುತ್ತ ಹೋಗಬೇಕು. ಚೌಕ ವಾಲಿತು. ನಾಲ್ಕೂ ಬದಿ ಈಗಲೂ 33 ಫೂಟೇ. ಕೆಳಗಿನ ಬದಿಯಿಂದ ಮೇಲಿನ ಬದಿಗೆ ನೆಟ್ಟಗೆ ಅಳೆದಾಗ 22 ಫೂಟು ಬಂತು. ಅಂದರೆ 33ನ್ನು 22ರಿಂದ ಗುಣಿಸಿ 726 ಚದರ ಫೂಟು. ಗುಂಟೆಯಲ್ಲಿ ಮೂರನೆಯ ಒಂದು ಪಾಲು ಮಾಯ.

ಜಾಗ ಮಾರುವಾಗ ಕೊಳ್ಳುವಾಗ ಕೆಲವರು ಎದುರುಬದುರು ಬದುಗಳನ್ನು ಅಳೆದು, ಸರಾಸರಿ ತೆಗೆದು, ಗುಣಿಸಿಬಿಡುತ್ತಾರೆ. ಈ ವಾಲಿದ ಹೊಲಕ್ಕೆ ಆ ಲೆಕ್ಕ ಹಾಕಿದರೆ ಪೂರ್ತಿ ಒಂದು ಗುಂಟೆ ಎಂದೇ ಬರುತ್ತದೆ. ಮೂಲೆಗಳು ಕಾಟಕೋನ ಇಲ್ಲದ ನಾಲ್ಕು ಬದುವಿನ ಯಾವ ಹೊಲಕ್ಕೂ ಈ ಲೆಕ್ಕ ಇದ್ದದ್ದಕ್ಕಿಂತ ಹೆಚ್ಚೇ ತೋರಿಸುತ್ತದೆ. ಹೆಚ್ಚಾದದ್ದಕ್ಕೆ ರೊಕ್ಕ ಕೊಡುವವನು ಕೊಳ್ಳುವವನು. ಇದು ಇಂದಿನ ತಿಳಿವಳಿಕೆಯೂ ಅಲ್ಲ. 628ರಲ್ಲಿ ಬ್ರಹ್ಮಗುಪ್ತ ಈ ಸರಾಸರಿ ಲೆಕ್ಕವನ್ನು ಸ್ಥೂಲ ಎಂದು ಕರೆದು ಸೂಕ್ಷ್ಮ ಲೆಕ್ಕ ಬೇರೆ ಕೊಟ್ಟಿದ್ದ. ಕನ್ನಡದಲ್ಲೇ ಹನ್ನೆರಡನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತ, ಕ್ಷೇತ್ರಗಣಿತ ಎಂದು ಪುಸ್ತಕಗಳನ್ನೇ ಬರೆದ. ಸರ್ವೇದವರು ಹೊಲವನ್ನು ಮೂರು ಮೂಲೆಯ ತುಂಡುಗಳಾಗಿ ಒಡೆದು, ನೆಟ್ಟಗಿನ ಅಳತೆ ಹಿಡಿಯುವುದೂ ಇದಕ್ಕೇ.

ಆ ಬಯಲಿನಲ್ಲಿ ಒಬ್ಬ ಮಾಸ್ತರರು ಹಗ್ಗ ಕೆಳಗಿಟ್ಟು ಫೋನ್ ತೆಗೆದು ಅಣ್ಣನಿಗೆ ಹಚ್ಚಿದರು. ಮನೆಯಲ್ಲಿ ಹಿಸೆ ಮಾತು ನಡೆದಿತ್ತಂತೆ. “ಆ ಸೊಟ್ಟ ಪಟ್ಟಿ ಸರ್ವೇ ಆಗೂತನಾ ಸಹಿ ಮಾಡಬ್ಯಾಡ” ಅಂದರು. ಮಾರನೆಯ ದಿನ ಅವರು ತಮ್ಮ ಶಾಲೆಯಲ್ಲಿ ಈ ಪಾಠವನ್ನು ಹೇಗೆ ಮಾಡಿರಬಹುದು ಎಂದು ನಾವು ಊಹಿಸಬಲ್ಲೆವು.

ಹಾಗಾದರೆ ಎಲ್ಲ ಶಾಲೆಯಲ್ಲೂ ಹೀಗೇಕೆ ಆಗುವುದಿಲ್ಲ? ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಒಂದು, ತರಬೇತಿ ಕಾಲುವೆ ನೀರಿನಂತೆ ಹರಿಯುತ್ತದೆ. ರಾಜ್ಯದಲ್ಲಿ ಕೆಲವರು ಕಲಿತು ಜಿಲ್ಲೆಯವರಿಗೆ ಹೇಳುತ್ತಾರೆ. ನಮ್ಮ ಜಿಲ್ಲೆಯ ಡಯಟ್ ಇಳಕಲ್ಲಿನಲ್ಲಿದೆ. ಅಲ್ಲಿಂದ ತಾಲ್ಲೂಕು, ತಾಲ್ಲೂಕಿನಿಂದ ಕ್ಲಸ್ಟರು. ಕಾಲುವೆಯ ತುದಿಯಲ್ಲಿ ಹೊಲ ಇದ್ದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಕೆಳಗೆ ಬಂದಂತೆ ಮೊದಲು ಇಂಗಿ ಹೋಗುವುದು ಮಾಡುವ ಕೆಲಸ, ಕೊನೆತನಕ ಉಳಿಯುವುದು ಹೇಳುವ ಮಾತು, ಯಾಕೆಂದರೆ ಹೇಳುವುದಕ್ಕೆ ಹೊತ್ತು ಕಡಿಮೆ ಸಾಕು. ಬಯಲಿನ ಹಗ್ಗ ಗೋಡೆಯ ಮೇಲಿನ ಚಿತ್ರವಾಗುತ್ತದೆ. ‘ಆಟದ ಮೂಲಕ ಕಲಿಸಬೇಕು’ ಎಂಬ ಭಾಷಣವನ್ನು ಶಿಕ್ಷಕರು ಬೆಂಚಿನ ಮೇಲೆ ಕೂತು ಕೇಳಿ ಬರುತ್ತಾರೆ. ಅಂಥವರ ತರಗತಿಯಲ್ಲಿ ಆಟ ಆಟವಾಗಿಯೇ ಉಳಿಯುತ್ತದೆ. ಆಟ ಎಲ್ಲಿ ನಿಲ್ಲಿಸಬೇಕು, ಯಾವ ಪ್ರಶ್ನೆ ಕೇಳಬೇಕು ಎಂಬುದು ತಾನೇ ಆಡಿ ತಬ್ಬಿಬ್ಬಾದವರಿಗೆ ಮಾತ್ರ ಗೊತ್ತಾಗುತ್ತದೆ.

ಎರಡು, ಸ್ಟಾಕ್ ರಿಜಿಸ್ಟರು. ಪೆಟ್ಟಿಗೆ ಸರ್ಕಾರಿ ಆಸ್ತಿ. ಒಂದು ದಾಳ ಕಳೆದರೆ, ಒಂದು ಬ್ಲಾಕ್ ಮುರಿದರೆ ಹೆಡ್ ಮಾಸ್ತರರು ಉತ್ತರ ಹೇಳಬೇಕಾದೀತು ಎಂಬ ಅಂಜಿಕೆ. ಆದ್ದರಿಂದ ಪೆಟ್ಟಿಗೆ ಕಪಾಟಿನಲ್ಲಿ, ಕಪಾಟಿಗೆ ಬೀಗ. ಹೊಸದರಂತೆ ಹೊಳೆಯುವ ಗಣಿತ ಪೆಟ್ಟಿಗೆ ನೋಡಿದರೆ ನಮಗೆ ಈಗ ಸಂತೋಷ ಆಗುವುದಿಲ್ಲ.

ಮೂರು, ನಾವು ಊರಿನವರು. ‘ಬರೇ ಆಟ ಆಡಸ್ತಾರ’ ಎಂದು ನಾವು ಗೇಟಿನಲ್ಲಿ ನಿಂತು ಅಂದರೆ, ಕಷ್ಟಪಟ್ಟು ದಂಟು ಕತ್ತರಿಸಿ ತಂದ ಮಾಸ್ತರರೂ ಮಾರನೆಯ ದಿನ ಮಗ್ಗಿ ಬರೆಸಿ ಕೂರಿಸುತ್ತಾರೆ. ಮಗ್ಗಿ ಬೇಡ ಎಂದು ನಾವು ಹೇಳುತ್ತಿಲ್ಲ. ಮಗ್ಗಿ ಬೇಕು, ಬಾಯಲ್ಲೇ ಬರಬೇಕು. ಆದರೆ ಮಗ್ಗಿ ಬಂದವರಿಗೂ ಆ ವಾಲಿದ ಹೊಲದ ಲೆಕ್ಕ ತಪ್ಪಿತ್ತು ಎಂಬುದನ್ನು ಮರೆಯಬಾರದು.

ಹೊತ್ತು ಕಳೆಯುವ ಆಟ ಯಾವುದು, ಲೆಕ್ಕದ ಆಟ ಯಾವುದು ಎಂದು ಕಂಡುಕೊಳ್ಳುವ ಬಗೆಯನ್ನು ಚೌಕಾಬಾರದಲ್ಲೇ ತೋರಿಸಬಹುದು. ಐದೈದರ ಮನೆ, ನಾಲ್ಕು ಕವಡೆ. ಎಲ್ಲರ ಅಜ್ಜಿಗೂ ಬರುವ ಆಟ. ಮಕ್ಕಳು ಆಡಿ ಎದ್ದು ಹೋದರೆ ಅದು ಆಟ. ಆಡಿದ ಮೇಲೆ ಅಕ್ಕೋರು ಹೀಗೆ ಕೇಳಿದರೆ ಪಾಠ: ಹೊರಗಿನ ಸುತ್ತಿನಲ್ಲಿ ಎಷ್ಟು ಮನೆ? 16. ಒಳಗಿನ ಸುತ್ತಿನಲ್ಲಿ? 8. ನಡುವೆ 1. ಕೂಡಿದರೆ 25. ಏಳೇಳರ ಮನೆ ಬರೆದರೆ ಹೊರಸುತ್ತಿಗೆ ಎಷ್ಟು ಬರುತ್ತದೆ? ಬರೆಯದೆ ಹೇಳಿ ನೋಡೋಣ. ದೊಡ್ಡ ಮಕ್ಕಳಾದರೆ ಕವಡೆ ಬದಲು ನಾಲ್ಕು ನಾಣ್ಯ ಎಸೆದು ಬರೆದಿಡಲಿ. ನಾಲ್ಕು ನಾಣ್ಯ ಬೀಳುವ ಬಗೆ ಒಟ್ಟು 16. ಅದರಲ್ಲಿ ಎರಡು ಬೀಳುವುದಕ್ಕೆ 6 ದಾರಿ, ಒಂದಕ್ಕೆ 4, ಮೂರಕ್ಕೆ 4. ನಾಲ್ಕಕ್ಕೆ ಒಂದೇ ದಾರಿ, ಎಂಟಕ್ಕೂ ಒಂದೇ. ಅಪರೂಪಕ್ಕೆ ಬೀಳುವ ಈ ಎರಡಕ್ಕೇ ನಮ್ಮ ಹಿರಿಯರು ಇನ್ನೊಂದು ಸಲ ಆಡುವ ಬಹುಮಾನ ಯಾಕಿಟ್ಟರು ಎಂದು ಕೇಳಿದರೆ, ಹತ್ತನೇ ತರಗತಿಯ ಸಂಭವನೀಯತೆಯ ಅಧ್ಯಾಯ ನೆಲದ ಮೇಲೇ ತೆರೆದುಕೊಳ್ಳುತ್ತದೆ.

ಆದ್ದರಿಂದ ಮಗು ಮನೆಗೆ ಬಂದು ‘ಇವತ್ತ ಆಟ ಆಡಿದ್ವಿ’ ಅಂದರೆ ಬೈಯಬೇಡಿ. ‘ಆಡಿದ ಮ್ಯಾಲ ಅಕ್ಕೋರು ಏನ್ ಕೇಳಿದ್ರು?’ ಎಂದು ಕೇಳಿ. ಆಮೇಲೆ ನೋಟ್‌ಬುಕ್ ತೆಗೆಸಿ. ಆಡಿದ್ದರ ಚಿತ್ರ, ಚಿತ್ರದ ಕೆಳಗೆ ಅಂಕಿ ಇದ್ದರೆ ನಿಮ್ಮ ಶಾಲೆಯಲ್ಲಿ ಕೆಲಸ ನಡೆದಿದೆ. ಎರಡೂ ಇಲ್ಲದಿದ್ದರೆ ಹೋಗಿ ವಿಚಾರಿಸುವ ಹಕ್ಕು ನಿಮಗಿದೆ.

ಎಸ್‌ಡಿಎಂಸಿಯಲ್ಲಿ ಇರುವವರಿಗೆ ಒಂದು ಮಾತು. ಮುಂದಿನ ಸಭೆಯಲ್ಲಿ ಗಣಿತ ಪೆಟ್ಟಿಗೆ ತರಿಸಿ, ಮುಚ್ಚಳ ತೆಗೆಸಿ. ಮಕ್ಕಳ ಕೈಯಲ್ಲಿ ಸವೆದ, ಮುರಿದ ಸಾಮಾನಿಗೆ ಶಿಕ್ಷಕರನ್ನು ಹೊಣೆ ಮಾಡಬಾರದು ಎಂದು ಠರಾವು ಬರೆದು ಮೇಲಿನವರಿಗೆ ಕಳಿಸಿ. ಮಾಸ್ತರರು ತರಬೇತಿಗೆ ಹೋಗಿ ಬಂದಾಗ ‘ಏನ್ ಹೇಳಿದ್ರು’ ಅನ್ನುವ ಬದಲು ‘ಏನ್ ಮಾಡಿಸಿದ್ರು’ ಎಂದು ಕೇಳಿ. ಏನೂ ಮಾಡಿಸಲಿಲ್ಲ ಎಂದರೆ ಅದನ್ನೂ ಬರೆದು ಕಳಿಸಿ. ತರಬೇತಿ ಕೊಡುವವರಿಗೆ ಊರಿನಿಂದ ಇಂಥ ಕಾಗದ ಹೋದದ್ದನ್ನು ನಾವು ಈತನಕ ಕಂಡಿಲ್ಲ. ಒಂದು ಊರಿನಿಂದ ಹೋದರೂ ಅದು ಸುದ್ದಿ, ನಾವು ಬರೆಯುತ್ತೇವೆ.

ಅಲ್ಲಿಯತನಕ ಕಾಯಬೇಕಾಗಿಯೂ ಇಲ್ಲ. ಪೆಟ್ಟಿಗೆಗೆ ಬೀಗ ಇರಬಹುದು, ಜೋಳದ ದಂಟಿಗೆ ಇಲ್ಲ. ಈ ರವಿವಾರ 33 ಫೂಟು ಅಳೆದು ಹಗ್ಗಕ್ಕೆ ಗಂಟು ಹಾಕಿ, ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ಹೋಗಿ. ಮೂಲೆ ಸೊಟ್ಟ ಇರುವ ಪಟ್ಟಿಯೊಂದನ್ನು ಆರಿಸಿಕೊಳ್ಳಿ. ಮೊದಲು ಬದು ಅಳೆದು ಲೆಕ್ಕ ಹಾಕಿ, ಆಮೇಲೆ ನೆಟ್ಟಗೆ ಅಳೆದು ಹಾಕಿ, ಮನೆಗೆ ಬಂದು ಪಹಣಿ ತೆಗೆದು ನೋಡಿ. ಮೂರೂ ಅಂಕಿಯನ್ನು ಮಗಳ ಕೈಯಲ್ಲೇ ಬರೆಸಿ.